ಹನ್ನೆರಡು ಮರ, ಹದಿನಾಲ್ಕು ಮನೆ

2025ರ ಜನವರಿ. ಸಂಕ್ರಾಂತಿಗೆ ಅಂತ ಶೆಟ್ಟಿಕೆರೆ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಅಮ್ಮ ಜಗಲಿ ಮೇಲೆ ಕೂತು ಅವರೆಕಾಯಿ ಸುಲೀತಿದ್ದಳು. ಅಷ್ಟರಲ್ಲಿ ಅಮೆರಿಕಾದಿಂದ ಅಕ್ಕನ ಮಗಳ ವಿಡಿಯೋ ಕಾಲ್ ಬಂತು. ಅವಳಿರೋದು ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾದಲ್ಲಿ. 'ಮಾಮ, ನಾವು ಹುಷಾರಾಗಿದೀವಿ, ಅಜ್ಜಿಗೆ ಹೇಳಿ' ಅಂತಲೇ ಮಾತು ಶುರು ಮಾಡಿದಳು. ಫೋನು ತಿರುಗಿಸಿ ಕಿಟಕಿಯಾಚೆ ತೋರಿಸಿದಳು. ಬೆಟ್ಟದ ಬುಡದುದ್ದಕ್ಕೂ ಹೊಗೆ. ಪಕ್ಕದ ಆಲ್ಟಡೀನಾ ಅನ್ನೋ ಊರು ಮೂರು ದಿನದ ಹಿಂದೆ ಇತ್ತಂತೆ, ಈಗ ಬೀದಿಗೆ ಬೀದಿಯೇ ಇಲ್ಲವಂತೆ. ಒಲೆಗೂಡಿನ ಇಟ್ಟಿಗೆ ಗೋಡೆ ಮಾತ್ರ ಅಲ್ಲಲ್ಲಿ ನಿಂತಿವೆಯಂತೆ.

ಅಮ್ಮ ಸುಮ್ಮನೆ ನೋಡಿದಳು. ಆಮೇಲೆ ಕೇಳಿದಳು: 'ಇನ್ನು ಎಲ್ಲಿ ಕಟ್ಕೊತಾರಂತೆ ಪುಟ್ಟಿ, ಮನೇನ?'

'ಅಲ್ಲೇ ಅಜ್ಜಿ. ಅದೇ ಸೈಟಲ್ಲಿ. ಬೇರೆ ಎಲ್ಲಿಗೆ ಹೋಗ್ತಾರೆ?'

'ಹಂಗಾರೆ ನಮ್ಮ ಕೇರಿಯೋರ ತರಾನೇ ಬಿಡು' ಅಂದಳು ಅಮ್ಮ, ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಕೇರಿಗೆ ಬೆಂಕಿ ಬಿದ್ದಿತ್ತು ಅನ್ನೋದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಕಥೆಯ ಹಾಗೆ ಕೇಳಿದ್ದೆ. ಆದರೆ ಅಮ್ಮ ಅವತ್ತು ಹೇಳಿದ್ದು ಆ ಕಥೆಯ ಇನ್ನೊಂದು ಅರ್ಧ. ಅದನ್ನ ನಮ್ಮ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಅದನ್ನ ಹೇಳೋಕೆ ಮುಂಚೆ ಸ್ವಲ್ಪ ಸುತ್ತು ಹಾಕಿ ಬರಬೇಕು, ಬೇಜಾರು ಮಾಡ್ಕೋಬೇಡಿ.

ನಮ್ಮ ಸೀಮೆಯ ಹಳೇ ಊರುಗಳನ್ನ ನೀವು ನೋಡಿದ್ದರೆ ಗೊತ್ತಿರುತ್ತೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಯಾವ ದಿಕ್ಕಿಗೆ ಹೋದರೂ ಸುತ್ತ ಎಕರೆಗಟ್ಟಲೆ ತೆಂಗಿನ ತೋಟ, ನಡುವೆ ಮುಷ್ಟಿಯಷ್ಟು ಊರು. ಗೋಡೆಗೆ ಗೋಡೆ ಅಂಟಿಕೊಂಡ ಮನೆ, ಎದುರುಬದುರು ಎರಡು ಎತ್ತು ಹೋಗುವಷ್ಟು ಓಣಿ. ಇಷ್ಟೊಂದು ಭೂಮಿ ಬಿದ್ದಿರುವಾಗ ಹಿಂದಿನವರು ಯಾಕೆ ಇಷ್ಟು ಒತ್ತಿಕೊಂಡು ಕೂತರು?

ಭಯಕ್ಕೆ. ಚಿಕ್ಕನಾಯಕನಹಳ್ಳಿಯನ್ನು ಕಟ್ಟಿಸಿದ್ದು ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕ. ಆ ಕಾಲದಲ್ಲಿ ಊರು ಅಂದರೆ ಮಣ್ಣಿನ ಕೋಟೆ, ಅದರಾಚೆ ಮುಳ್ಳಿನ ಬೇಲಿ. ಕೋಟೆ ಗೋಡೆ ಉದ್ದವಾದಷ್ಟೂ ಕಾಯುವವರು ಜಾಸ್ತಿ ಬೇಕು, ಹಾಗಾಗಿ ಮನೆಗಳು ಒಳಗೊಳಗೇ ಒತ್ತಿಕೊಳ್ಳಬೇಕು. ಆ ಭಯ ಸುಳ್ಳೇನಲ್ಲ. 1791ರಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬಂದಾಗ ಅವನ ಜೊತೆಗಾರ ಮರಾಠ ಸರದಾರ ಪರಶುರಾಮ ಭಾವು ಚಿಕ್ಕನಾಯಕನಹಳ್ಳಿಯನ್ನ ಸೂರೆ ಮಾಡಿದ. ಜನ ಬಹುಪಾಲು ಆಸ್ತಿ ಬಚ್ಚಿಟ್ಟಿದ್ದರೂ ಐದು ಲಕ್ಷ ಸಿಕ್ಕಿತಂತೆ. ಅಂಥ ದಿನಗಳಲ್ಲಿ ತೋಟದಲ್ಲಿ ಒಂಟಿ ಮನೆ ಮಾಡಿಕೊಂಡು ಇರೋದು ಅಂದರೆ ಸಾವನ್ನ ಕರೆದ ಹಾಗೆ.

ಹೀಗೆ ಒತ್ತಿಕೊಂಡ ಊರಿಗೆ ಬೆಂಕಿ ಬಿದ್ದರೆ ಎಲ್ಲ ಸುಟ್ಟುಹೋಗಬೇಕಲ್ಲ? ಹೋಗುತ್ತಿರಲಿಲ್ಲ. ಕಾರಣ ಮಾಳಿಗೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ ಜಂತೆ ಹಾಸಿ, ಅದರ ಮೇಲೆ ಗೇಣುದ್ದ ಮಣ್ಣು ಬಡಿದ ಚಪ್ಪಟೆ ಮಾಡು. ಒಳಗೆ ಬೆಂಕಿ ಹತ್ತಿದರೆ ಆ ಮನೆ ಹೋಗುತ್ತೆ, ಆದರೆ ಹಾರಿ ಬಂದ ಕಿಡಿ ಮಣ್ಣಿನ ಮಾಳಿಗೆ ಮೇಲೆ ಬಿದ್ದು ಅಲ್ಲೇ ಸಾಯುತ್ತೆ. ಅನುಕೂಲ ಇದ್ದವರಿಗೆ ಮಾಳಿಗೆ, ಆಮೇಲಾಮೇಲೆ ನಾಡಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಕಾರ್ಖಾನೆಯ ಹೆಂಚು ನಮ್ಮ ಕಡೆ ಬರೋಕೆ ಇನ್ನೂ ಕಾಲ ಬೇಕಾಯ್ತು. ಅನುಕೂಲ ಇಲ್ಲದವರಿಗೆ ಮಾತ್ರ ಅವತ್ತೂ ಸೋಗೆ, ಆಮೇಲೂ ಸೋಗೆ. ಹೆಣೆದ ತೆಂಗಿನ ಗರಿ, ಬಿದಿರಿನ ಗಳ, ಅಡಿಕೆ ದಬ್ಬೆ. ಮಾಗಿ ಕಳೆದು ಶಿವರಾತ್ರಿ ಹೊತ್ತಿಗೆ ಒಣಗಿ ಗಲಗಲ ಅನ್ನುತ್ತಿರುತ್ತೆ.

ಊರಿನ ಮನೆಯೂ ಒತ್ತಾಗಿತ್ತು, ಕೇರಿಯ ಮನೆಯೂ ಒತ್ತಾಗಿತ್ತು. ಒಂದು ಸುಡುತ್ತಿರಲಿಲ್ಲ, ಇನ್ನೊಂದು ಸುಡುತ್ತಿತ್ತು. ಹಾಗಾಗಿ 'ಮನೆಗಳು ಒತ್ತಾಗಿದ್ದಕ್ಕೇ ಬೆಂಕಿ ಹಬ್ಬಿತು' ಅನ್ನುವ ಮಾತು ಕೇಳಿದಾಗೆಲ್ಲ ನಾನು ಮೊದಲು ಮಾಡಿನ ಕಡೆ ನೋಡ್ತೀನಿ.

ಈಗ ಅಮ್ಮನ ಕಥೆಗೆ ಬರೋಣ.

ಅವಳು ಮದುವೆಯಾಗಿ ಬಂದ ಎರಡನೇ ವರ್ಷ, 1960ರ ದಶಕದ ಒಂದು ಬೇಸಿಗೆ. ಊರಿನ ದಕ್ಷಿಣಕ್ಕೆ ದಲಿತರ ಕೇರಿ, ಅದರ ಬೆನ್ನಿಗೆ ನಮ್ಮ ತೋಟದ ಬೇಲಿ. ಮಧ್ಯಾಹ್ನ, ಗಾಳಿ ಎದ್ದಿತ್ತು. ಹೆಂಗಸರು ಗಂಡಸರು ಎಲ್ಲ ಕೂಲಿಗೆ ಹೋಗಿದ್ದರು. ಯಾರದೋ ಒಲೆಯ ಕೆಂಡಕ್ಕೆ ಗಾಳಿ ಹೊಡೀತು. ಒಂದು ಸೋಗೆಯಿಂದ ಇನ್ನೊಂದು ಸೋಗೆಗೆ ಎರಡು ಮೊಳವೂ ದೂರ ಇರಲಿಲ್ಲ. ಎಲೆ ಅಡಿಕೆ ಹಾಕಿ ಉಗಿಯೋ ಹೊತ್ತಿಗೆ ಆ ಸಾಲು ಮುಗಿದಿತ್ತು ಅಂದಳು ಅಮ್ಮ. ಹದಿನಾಲ್ಕು ಮನೆ. ಜನ ಉಳಿದರು. ಒಂದು ಎಮ್ಮೆ ಕರು ಹೋಯ್ತು, ವಾಡೆಯಲ್ಲಿದ್ದ ರಾಗಿ ಹೋಯ್ತು.

ಊರ ಬಾವಿ ಕೇರಿಯವರಿಗೆ ಇರಲಿಲ್ಲ. ಅವತ್ತೊಂದು ದಿನ ಅವರು ಬೇಲಿ ನುಗ್ಗಿ ನಮ್ಮ ತೋಟದ ಬಾವಿಗೆ ಇಳಿದು ನೀರು ಹೊತ್ತರು. ಯಾರೂ ಬೇಡ ಅನ್ನಲಿಲ್ಲ. ಮಾರನೇ ದಿನ ಐನೋರನ್ನ ಕರೆಸಿ ಬಾವಿ ಶುದ್ಧ ಮಾಡಿಸಿದರು. ಇದನ್ನ ಅಮ್ಮ ತಲೆ ಎತ್ತದೆ ಹೇಳಿದಳು.

ವಾರ ಕಳೆದ ಮೇಲೆ ಕೇರಿಯ ಹಿರೀಕರು ಇಬ್ಬರು ನಮ್ಮ ತಾತನ ಹತ್ತಿರ ಬಂದರು. 'ಬುದ್ಧೀ, ಬೇಲೀನ ಒಂದೀಟು ಹಿಂದಕ್ಕೆ ಹಾಕ್ಕೊಂಡ್ರೆ ನಾವು ಅಗಲವಾಗಿ ಕಟ್ಕೊತೀವಿ. ದುಡ್ಡು ನಿಧಾನಕ್ಕೆ ತೀರಿಸ್ತೀವಿ' ಅಂತ. ಅವರು ಕೇಳಿದ್ದು ಹತ್ತು ಗುಂಟೆ. ತಾತ ಕೆಟ್ಟವನಲ್ಲ, ಇದು ಮೊಮ್ಮಗನ ಮಾತು ಅಂದುಕೊಳ್ಳಿ ಬೇಕಾದರೆ. 'ಫಸಲು ಬಿಡೋ ಮರ ಕಡಿಯೋಕೆ ಆಗುತ್ತೇನಯ್ಯ?' ಅಂದನಂತೆ. ಆಮೇಲೆ ಧರ್ಮಕ್ಕೆ ಎರಡು ಗಾಡಿ ಗರಿ ಕೊಟ್ಟು ಕಳಿಸಿದ. ಸುಟ್ಟಿದ್ದ ವಸ್ತುವನ್ನೇ ಮತ್ತೆ ಹೊದಿಸಿಕೊಳ್ಳಿ ಅಂತ.

ನಾನು ಕೂತು ಲೆಕ್ಕ ಹಾಕಿದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, 1089 ಚದರಡಿ. ಹತ್ತು ಗುಂಟೆ 10,890 ಚದರಡಿ. ತೆಂಗಿಗೆ ಮೂವತ್ತಡಿ ಅಂತರ ಅಂದರೆ ಅಷ್ಟು ಜಾಗದಲ್ಲಿ ನಿಲ್ಲುವುದು ಹನ್ನೆರಡು ಮರ. ಅದೇ ಜಾಗದಲ್ಲಿ ಹದಿನಾಲ್ಕು ಮನೆಗೆ 20x30 ಅಳತೆ ಕೊಟ್ಟರೆ 8,400 ಚದರಡಿ ಆಗುತ್ತೆ. ಇನ್ನೂ ಎರಡು ಸಾವಿರ ಚದರಡಿಗೆ ಮೇಲ್ಪಟ್ಟು ನಡುವೆ ಗಾಡಿ ದಾರಿಗೆ ಉಳಿಯುತ್ತೆ. ಆಗಲೂ ಅದು ದಟ್ಟವಾದ ಬೀದಿಯೇ. ಆದರೆ ಇಕ್ಕಟ್ಟಿನ ಬೀದಿ ಅಲ್ಲ. ದಟ್ಟ ಬೇರೆ, ಇಕ್ಕಟ್ಟು ಬೇರೆ. ದಟ್ಟ ಅನ್ನೋದು ಜನ ಹತ್ತಿರ ಇರೋದು. ಇಕ್ಕಟ್ಟು ಅನ್ನೋದು ಪಕ್ಕದವನು ಬೇಲಿ ಸರಿಸದೆ ಇರೋದು.

ಕೇರಿ ಮತ್ತೆ ಎದ್ದಿದ್ದು ಹಳೇ ಬೂದಿಯ ಮೇಲೇ, ಹಳೇ ಅಳತೆಯಲ್ಲೇ. ಮನೆ ಸುಟ್ಟಿತು, ಚಕ್ಕುಬಂದಿ ಸುಡಲಿಲ್ಲ.

ಈ ಮಾತು ನಮ್ಮ ಕೇರಿಗೆ ಮಾತ್ರ ಅಲ್ಲ. 1666ರ ಸೆಪ್ಟೆಂಬರಿನಲ್ಲಿ ಲಂಡನ್ ಸುಟ್ಟಿತಲ್ಲ, ಅಲ್ಲೂ ಇದೇ ಕಥೆ. ಒಂದು ಬೇಕರಿಯಲ್ಲಿ ಎದ್ದ ಬೆಂಕಿ ನಾಲ್ಕೈದು ದಿನದಲ್ಲಿ 13,000ಕ್ಕೂ ಹೆಚ್ಚು ಮನೆ ತಿಂದಿತು. ಹೊಗೆ ಆರುವ ಮೊದಲೇ ಕ್ರಿಸ್ಟೋಫರ್ ರೆನ್ ಅಂತ ಒಬ್ಬ, ಅಗಲವಾದ ನೇರ ಬೀದಿ, ದೊಡ್ಡ ಚೌಕಗಳ ಹೊಸ ನಗರದ ನಕ್ಷೆ ಬರೆದು ದೊರೆಗೆ ಕೊಟ್ಟ. ಚಂದವಾದ ನಕ್ಷೆ. ಅದು ಕಾಗದದಲ್ಲೇ ಉಳೀತು. ಒಬ್ಬೊಬ್ಬ ಮಾಲೀಕನೂ 'ನನ್ನ ಜಾಗ ಇಲ್ಲಿತ್ತು' ಅಂತ ಬಂದು ನಿಂತ. ಬದಲಾಗಿದ್ದು ಎರಡು: ಮರದ ಬದಲು ಇಟ್ಟಿಗೆ ಇಲ್ಲವೇ ಕಲ್ಲಲ್ಲೇ ಕಟ್ಟಬೇಕು ಅಂತ 1667ರ ಕಾಯಿದೆ, ಕೆಲವು ಬೀದಿಗಳ ಅಗಲ. ಲಂಡನ್ ಮತ್ತೆ ದಟ್ಟವಾಗಿಯೇ ಎದ್ದಿತು, ಆದರೆ ಅಷ್ಟು ಸುಲಭಕ್ಕೆ ಸುಡದ ಹಾಗೆ. ನಮ್ಮ ಮಾಳಿಗೆ ಕಲಿಸಿದ ಪಾಠವನ್ನೇ ಅವರು ಕಾನೂನು ಮಾಡಿದರು ಅನ್ನಬಹುದು.

ನಮ್ಮಲ್ಲಿ ಊರುಗಳ ಆಕಾರ ಬದಲಿಸಿದ್ದು ಬೆಂಕಿಯಲ್ಲ, ಪ್ಲೇಗು. ಅದು ಬಂದ ದಾರಿಯೂ ನಮ್ಮ ಮನೆ ಮುಂದೆಯೇ. 1889ರ ಹೊತ್ತಿಗೆ ಬೆಂಗಳೂರು–ಹರಿಹರ ರೈಲು ದಾರಿ ಪೂರ್ತಿಯಾಗಿ ತಿಪಟೂರು, ಅರಸೀಕೆರೆ ಮೇಲೆ ಗಾಡಿ ಓಡಾಡತೊಡಗಿತ್ತು. ಅದೇ ದಾರಿ ಆಚೆ ಹುಬ್ಬಳ್ಳಿ, ಪುಣೆಗೆ ಸೇರುತ್ತಿತ್ತು. 1896ರಲ್ಲಿ ಬೊಂಬಾಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟಿನಲ್ಲಿ ಬೆಂಗಳೂರಿಗೆ ಇಳಿಯಿತು, ಉತ್ತರದ ಕಡೆಯಿಂದ ರೈಲಿನಲ್ಲೇ. ಕೊಬ್ಬರಿ ಹೊರಗೆ ಹೋದ ದಾರಿಯಲ್ಲೇ ಇಲಿ ಒಳಗೆ ಬಂತು. ಪೇಟೆಯ ಒತ್ತೊತ್ತು ಬೀದಿಗಳಲ್ಲಿ ಸಾವಿರಗಟ್ಟಲೆ ಜನ ಸತ್ತರು, ಉಳಿದವರು ಓಡಿದರು. ನಗರ ಮತ್ತು ದಂಡು ಸೇರಿ 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ರ ಗಣತಿಯಲ್ಲಿ 1,59,046ಕ್ಕೆ ಇಳಿದಿತ್ತು.

ಆಗ ಎದ್ದ ಮಾತು: ಒತ್ತಾಗಿರೋದೇ ರೋಗ, ಚೆದುರಿಸೋದೇ ಮದ್ದು. ಮೊದಲೇ ಯೋಜನೆಯಲ್ಲಿದ್ದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳಿಗೆ ಜೀವ ಬಂದದ್ದು ಈ ಪ್ಲೇಗಿನಿಂದ. ನೇರವಾದ ಮುಖ್ಯರಸ್ತೆ, ಅಡ್ಡರಸ್ತೆ, ಮನೆ ಸುತ್ತ ಖಾಲಿ ಜಾಗ, ಹಿಂದೆ ಕಸ ಸಾಗಿಸುವ ಓಣಿ. ಆಮೇಲೆ ದಂಡಿನ ಕಡೆ ಫ್ರೇಜರ್ ಟೌನ್. ಇವತ್ತೂ ಬೆಂಗಳೂರಿನ ಅತಿ ಚಂದದ ಬೀದಿಗಳು ಅವೇ. ಅದನ್ನ ಅಲ್ಲಗಳೆಯೋಕೆ ನಾನು ಯಾರು? ಆದರೆ ಅಲ್ಲಿಗೆ ಹೋದವರು ಯಾರು ಅನ್ನೋದನ್ನೂ ಕೇಳಬೇಕಲ್ಲ. ಸೈಟು ಕೊಂಡು ಮನೆ ಕಟ್ಟಿಸೋ ತಾಕತ್ತಿದ್ದವರು ಹೋದರು, ಮೇಲ್ಜಾತಿಯ ನೌಕರಸ್ಥರು ಹೋದರು. ಬಸವನಗುಡಿಯಲ್ಲಿ ಸೈಟು ಹಂಚುವಾಗ ಜಾತಿವಾರು ಭಾಗವೇ ಆಗಿತ್ತು. ಪೇಟೆಯಲ್ಲಿ ದಿನಗೂಲಿ ಮಾಡುವವರು ಅಲ್ಲೇ, ಅದೇ ಓಣಿಗಳಲ್ಲೇ ಉಳಿದರು. ಒತ್ತು ಕಮ್ಮಿಯಾಯ್ತು, ಇಕ್ಕಟ್ಟು ಇದ್ದವರಿಗೆ ಇದ್ದೇ ಇತ್ತು.

ಹಳ್ಳಿಯಲ್ಲೂ ಹೀಗೇ. ಇಲಿ ಬಿತ್ತು ಅಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲಕ್ಕೆ, ತೋಟಕ್ಕೆ ಹೋಗಿ ಗುಡ್ಲು ಹಾಕೋದು, ರೋಗ ತಣ್ಣಗಾದ ಮೇಲೆ ಸುಣ್ಣ ಬಳಿದು ವಾಪಸ್ಸು ಬರೋದು. ನಮ್ಮ ಅಜ್ಜಿ ಇದನ್ನ 'ಊರು ಬಿಟ್ಟಿದ್ದು' ಅಂತಲೇ ಹೇಳ್ತಿದ್ದಳು. ಹಾಗೆ ಬಿಟ್ಟವರಲ್ಲಿ ಕೆಲವರು ವಾಪಸ್ಸೇ ಬರಲಿಲ್ಲ. ತೋಟ ಇದ್ದವರಿಗೆ ತೋಟದಲ್ಲೇ ಹಿಡಿಸಿತು. ಸೂರೆ ಮಾಡುವ ದಂಡಿನ ಭಯವೂ ಅಷ್ಟೊತ್ತಿಗೆ ಹೋಗಿತ್ತು. ಗುಡ್ಲು ಹೋಗಿ ಹೆಂಚಿನ ಮನೆ ಆಯ್ತು, ನಮ್ಮ ಕಡೆಯ ಎಷ್ಟೋ ತೋಟದ ಮನೆಗಳ ಹುಟ್ಟು ಹೀಗೇ ಅಂತ ಹಿರಿಯರು ಹೇಳ್ತಾರೆ. ತೋಟ ಇಲ್ಲದವರು? ಅವರು ವಾಪಸ್ಸು ಬರಲೇಬೇಕಿತ್ತು, ಬಂದರು. ಇನ್ನು ಕೆಲವು ಊರುಗಳು ಬರ, ರೋಗ ಅಂತ ಪೂರಾ ಖಾಲಿಯಾದವು. ಕಂದಾಯದ ದಫ್ತರಿನಲ್ಲಿ ಅಂಥ ಊರಿಗೆ 'ಬೇಚಿರಾಕ್' ಅಂತ ಬರೀತಾರೆ. ಪಾರ್ಸಿ ಮಾತು, ದೀಪ ಇಲ್ಲದ್ದು ಅಂತ ಅರ್ಥ. ಆಶ್ಚರ್ಯ ಏನಪ್ಪ ಅಂದರೆ, ದೀಪ ಹೋಗಿ ತಲೆಮಾರುಗಳೇ ಕಳೆದರೂ ಆ ಊರಿನ ಹೆಸರು, ಸರ್ವೆ ನಂಬರು, ಎಲ್ಲೆ ಎಲ್ಲಾ ಪುಸ್ತಕದಲ್ಲಿ ಭದ್ರವಾಗಿರುತ್ತೆ. ಜನ ಸತ್ತರೂ ಎಲ್ಲೆ ಸಾಯಲ್ಲ.

ಈಗ ಅಕ್ಕನ ಮಗಳ ಊರಿಗೆ ಹೋಗೋಣ.

ಅಲ್ಲಿ 2025ರ ಜನವರಿ 7ರಂದು ಎದ್ದ ಎರಡು ದೊಡ್ಡ ಬೆಂಕಿಗಳಲ್ಲಿ, ಸಮುದ್ರದ ಕಡೆಯ ಪ್ಯಾಲಿಸೇಡ್ಸ್ ಮತ್ತು ಬೆಟ್ಟದ ಬುಡದ ಈಟನ್, 16,000ಕ್ಕೂ ಹೆಚ್ಚು ಕಟ್ಟಡ ಸುಟ್ಟವು. ಮೂವತ್ತರಷ್ಟು ಜನ ಸತ್ತರು. ಕಾಡ್ಗಿಚ್ಚು ಅಂದರೆ ನಾವು ಜ್ವಾಲೆಯ ಗೋಡೆ ಉರುಳಿಕೊಂಡು ಬರುತ್ತೆ ಅಂದುಕೊಳ್ತೀವಿ. ಮನೆಗಳನ್ನ ತಿನ್ನೋದು ಬಹುಪಾಲು ಕಿಡಿ. ಬಿರುಗಾಳಿಗೆ ಕಿಡಿಗಳು ಕಿಲೋಮೀಟರುಗಟ್ಟಲೆ ಮುಂದೆ ಹಾರಿ, ಸೂರಿನ ಸಂದಿಯಲ್ಲಿ, ಗಾಳಿಕಿಂಡಿಯಲ್ಲಿ ನುಗ್ಗುತ್ತವೆ. ಒಂದು ಮನೆ ಹತ್ತಿತು ಅಂದರೆ ಆಮೇಲೆ ಕಾಡು ಬೇಕಾಗಿಲ್ಲ, ಮನೆಯೇ ಪಕ್ಕದ ಮನೆಗೆ ಸೌದೆ. ಅಲ್ಲಿಯ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು. ನಮ್ಮ ಕೇರಿಯ ಸೋಗೆಗೂ ಅವಕ್ಕೂ ಬೆಲೆಯಲ್ಲಿ ಕೋಟಿಗಟ್ಟಲೆ ಫರಕು, ಕಿಡಿಯ ಕಣ್ಣಿಗೆ ಎರಡೂ ಒಂದೇ.

ಆದರೆ ಅಷ್ಟು ಜನ ಬೆಟ್ಟದ ಬುಡಕ್ಕೆ, ಕಾಡಿನ ಅಂಚಿಗೆ ಯಾಕೆ ಹೋದರು? ಒಂದು ಕಾರಣ, ಆ ನಗರ ಒಳಗೆ ಬೆಳೆಯೋಕೆ ಬಿಡಲಿಲ್ಲ. ಲಾಸ್ ಏಂಜಲೀಸಿನಲ್ಲಿ ವಾಸದ ಜಾಗದ ಮುಕ್ಕಾಲು ಭಾಗದಷ್ಟು 'ಒಂದು ಸೈಟಿಗೆ ಒಂದೇ ಸಂಸಾರ' ಅನ್ನೋ ನಿಯಮಕ್ಕೆ ಮೀಸಲು. ಒಳಗೆ ನಾಲ್ಕು ಮಹಡಿ ಎಬ್ಬಿಸೋ ಹಾಗಿಲ್ಲ ಅಂದರೆ ಊರು ಹೊರಗೆ ಹರಿಯುತ್ತೆ, ಹರಿದು ಹರಿದು ಕಾಡಿನ ಮಡಿಲಿಗೆ ಹೋಗಿ ಕೂರುತ್ತೆ. ನಮ್ಮ ಹಿರಿಯರು ದಂಡಿಗೆ ಹೆದರಿ ಒತ್ತಿಕೊಂಡರೆ, ಅವರು ನೆರೆಹೊರೆಯವರಿಗೆ ಹೆದರಿ ಹರಡಿಕೊಂಡರು ಅನ್ನಿ.

ಬೆಂಕಿ ಆರಿದ ಮೇಲೆ ಸರ್ಕಾರ ಮಾಡಿದ್ದೇನು? ಮೊದಲ ವಾರದಲ್ಲೇ ಕ್ಯಾಲಿಫೋರ್ನಿಯಾದ ಗವರ್ನರ್ ಆದೇಶ ಹೊರಡಿಸಿದರು: ಹಳೇ ಮನೆಯ ಅಳತೆಯ 110 ಪರ್ಸೆಂಟ್ ಒಳಗೆ ಇದ್ದರೆ ಪರಿಸರದ ಪರವಾನಗಿ ಗೋಜಿಲ್ಲದೆ ಕಟ್ಟಿಕೊಳ್ಳಿ. ಅಂದರೆ ಇದ್ದದ್ದೇ, ಇದ್ದಲ್ಲೇ. ನೊಂದವರನ್ನ ಬೇಗ ಮನೆ ಸೇರಿಸಬೇಕು ಅನ್ನೋದು ನ್ಯಾಯವೇ. ಇನ್ನೊಂದು ಕಡೆ, ಒಂದು ಸೈಟನ್ನ ಎರಡು ಭಾಗ ಮಾಡಿ ಹೆಚ್ಚು ಮನೆ ಕಟ್ಟಬಹುದು ಅಂತ 2021ರಲ್ಲಿ ಅಲ್ಲಿ ಕಾಯಿದೆ ಆಗಿತ್ತು. ಸುಟ್ಟ ಪ್ರದೇಶದ ಅಪಾಯದ ವಲಯಗಳಲ್ಲಿ ಆ ಕಾಯಿದೆಯನ್ನ ತಡೆಹಿಡಿಯೋಕೆ ಸ್ಥಳೀಯ ಆಡಳಿತಗಳಿಗೆ 2025ರ ಜುಲೈ ಕೊನೆಯಲ್ಲಿ ಅನುಮತಿ ಸಿಕ್ಕಿತು. ಪ್ಯಾಲಿಸೇಡ್ಸಿನ ನಿವಾಸಿಗಳ ವಾದ: ಇರೋ ಜನಕ್ಕೇ ಓಡಿಹೋಗೋಕೆ ರಸ್ತೆ ಸಾಲಲಿಲ್ಲ, ಕಾರು ಬಿಟ್ಟು ಓಡಿದರು, ಆ ಕಾರುಗಳನ್ನ ಬುಲ್ಡೋಜರಿನಲ್ಲಿ ತಳ್ಳಬೇಕಾಯ್ತು, ಇನ್ನೂ ಜನ ತುಂಬಿದರೆ ಗತಿ ಏನು? ಆ ವಾದದಲ್ಲಿ ಹುರುಳಿದೆ. ಕಾಡಿನಂಚಿನಲ್ಲಿ, ಒಂದೇ ದಾರಿಯ ಗುಡ್ಡದ ಮೇಲೆ ಜನ ತುಂಬೋದು ಜಾಣತನ ಅಲ್ಲ. ಆದರೆ ಅಲ್ಲಿ ಬೇಡ ಅಂದ ಮೇಲೆ ಊರೊಳಗೆ, ಬಸ್ಸು ರೈಲು ಇರೋ ಕಡೆ ಬೇಕು ಅನ್ನಬೇಕಲ್ಲ. ಎರಡೂ ಕಡೆ ಬೇಡ ಅಂದರೆ ಬಡವನಿಗೆ ಉಳಿಯೋದು ಇನ್ನೂ ದೂರದ, ಇನ್ನೂ ಒಣಗಿದ ಅಂಚು.

ಆಲ್ಟಡೀನಾ ಕಥೆ ಬೇರೆ. 1930ರ ದಶಕದಿಂದ ಅಮೆರಿಕಾದ ನಗರಗಳ ನಕ್ಷೆಯಲ್ಲಿ ಕರಿಯರಿರುವ ಬೀದಿಗಳಿಗೆ ಕೆಂಪು ಬಣ್ಣ ಬಳಿದು ಮನೆಸಾಲ ನಿರಾಕರಿಸುತ್ತಿದ್ದ ಕಾಲ ಇತ್ತು. ಆ ಕಾಲದ ನೆರಳಿನಲ್ಲೇ 1960ರ ದಶಕದಿಂದೀಚೆಗೆ ಕರಿಯ ಸಂಸಾರಗಳು ಮನೆ ಕೊಳ್ಳೋಕೆ ಆದ ಕೆಲವೇ ಜಾಗಗಳಲ್ಲಿ ಆಲ್ಟಡೀನಾದ ಪಶ್ಚಿಮ ಭಾಗ ಒಂದು. ಈಟನ್ ಬೆಂಕಿ ಸಂಜೆಯೇ ಎದ್ದಿತ್ತು. ಪಶ್ಚಿಮ ಭಾಗಕ್ಕೆ 'ಹೊರಡಿ' ಅನ್ನೋ ಆದೇಶ ಬಂದದ್ದು ಬೆಳಗಿನ ಜಾವ ಮೂರು ದಾಟಿದ ಮೇಲೆ. ಸತ್ತವರಲ್ಲಿ ಹೆಚ್ಚಿನವರು ಆ ಭಾಗದವರೇ. ಕೆಲವೇ ದಿನಗಳಲ್ಲಿ ಬೂದಿಯ ಸೈಟುಗಳನ್ನ ಕೊಳ್ಳೋಕೆ ದುಡ್ಡಿನವರು ಫೋನು ಮಾಡತೊಡಗಿದರು. 'ಆಲ್ಟಡೀನಾ ಮಾರಾಟಕ್ಕಿಲ್ಲ' ಅಂತ ಜನ ತಮ್ಮ ಸುಟ್ಟ ಅಂಗಳಗಳಲ್ಲಿ ಬೋರ್ಡು ನೆಟ್ಟರು. ಅಕ್ಕನ ಮಗಳು ಅಂಥದೊಂದು ಬೋರ್ಡಿನ ಫೋಟೋ ಕಳಿಸಿದ್ದಳು. ಅಮ್ಮನಿಗೆ ಓದಿ ಅರ್ಥ ಹೇಳಿದೆ. 'ಅವರಿಗೆ ಆ ಜಾಗವಾದ್ರೂ ಅವರ ಹೆಸರಲ್ಲಿ ಐತಲ್ಲ' ಅಂದಳು.

ಇದನ್ನೆಲ್ಲ ನಾನು ಬರೀತಿರೋದಕ್ಕೆ ಕಾರಣ ಬೇರೆ ಇದೆ. ನಮ್ಮ ತೆಂಗಿನ ಸೀಮೆ ಈಗ ನಿಧಾನಕ್ಕೆ ಲಾಸ್ ಏಂಜಲೀಸ್ ಆಗ್ತಿದೆ. ನಗಬೇಡಿ. ಹೆದ್ದಾರಿ ಬದಿಯ ತೋಟಗಳು ಲೇಔಟ್ ಆಗ್ತಿವೆ. ಅಣ್ಣತಮ್ಮಂದಿರು ಭಾಗ ಆದ ಕಡೆಯಲ್ಲೆಲ್ಲ ತೋಟಕ್ಕೊಂದು ಮನೆ ಏಳ್ತಿದೆ. ಊರೊಳಗಿನ ಮಾಳಿಗೆ ಮನೆಗಳು ಬೀಗ ಹಾಕಿಕೊಂಡು ಕುಸೀತಿವೆ. ತೋಟದ ಮನೆ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಂಡೆ ಕೊಬ್ಬರಿ ಆಗೋಕೆ ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಮಲಗಿರಬೇಕು, ಒಳಗಿನ ನೀರು ಇಂಗಬೇಕು. ಅಂದರೆ ತಲೆ ಮೇಲೆ ಸಾವಿರಾರು ಒಣ ಕಾಯಿ. ಅಂಗಳದಲ್ಲಿ ಮಟ್ಟೆಯ ರಾಶಿ, ಚಿಪ್ಪಿನ ರಾಶಿ. ಗರಿ, ಎಡೆಮಟ್ಟೆ ಗುಡ್ಡೆ ಹಾಕಿ ಬೇಸಿಗೆಯಲ್ಲಿ ಕಡ್ಡಿ ಗೀರೋ ಅಭ್ಯಾಸ ಬೇರೆ. ಕೊಬ್ಬರಿಗೆ ಬೆಂಕಿ ಹತ್ತಿದರೆ ಅದು ಎಣ್ಣೆಗೆ ಹತ್ತಿದ ಹಾಗೆ, ಆರಿಸೋದು ಕಷ್ಟ. ದೊಡ್ಡ ಗಾಡಿ ಹೋಗೋ ದಾರಿ ಎಷ್ಟು ತೋಟಕ್ಕಿದೆ?

ಎರಡು ವರ್ಷದ ಹಿಂದೆ ಮಾರ್ಚ್‌ನಲ್ಲಿ ನಮ್ಮ ತೋಟದ್ದೇ ಒಂದು ಮೂಲೆ ಹತ್ತಿತು. ಯಾರೋ ಬದುವಿನ ಹುಲ್ಲಿಗೆ ಇಟ್ಟ ಬೆಂಕಿ. ಆರಿಸಿದ್ದು ಯಾರು ಅಂತೀರಿ? ಕೇರಿಯ ಹುಡುಗರು. ಬೇಲಿಯಾಚೆಯೇ ಇದ್ದರು, ಹೊಗೆ ಕಂಡ ಕೂಡಲೇ ಹಸಿಸೊಪ್ಪು ಹಿಡಿದು ನುಗ್ಗಿದರು. ನನ್ನ ತಮ್ಮನ ತೋಟದ ಮನೆಯಿಂದ ಜನ ಬರೋ ಹೊತ್ತಿಗೆ ಕೆಲಸ ಮುಗಿದಿತ್ತು. ಹತ್ತಿರ ಇರೋದರ ಬೆಲೆ ಅದು. ಒಂಟಿ ಮನೆಗೆ ಬೆಂಕಿ ಬಿದ್ದರೆ ಅದು ಪಕ್ಕಕ್ಕೆ ಹಬ್ಬಲ್ಲ, ನಿಜ. ಆದರೆ ಕೂಗಿದರೆ ಕೇಳೋರೂ ಇರಲ್ಲ.

ಕೇರಿಯ ಆ ಹದಿನಾಲ್ಕು ಮನೆ ಇವತ್ತು ಇಪ್ಪತ್ತೆರಡು. ದೇವರಾಜ ಅರಸರ ಕಾಲದಲ್ಲಿ ಜನತಾ ಮನೆ ಅಂತ ದೂರದ ಗೋಮಾಳದಲ್ಲಿ ಕೆಲವರಿಗೆ ಸಿಕ್ಕಿತ್ತು. ಅವರ ಮಕ್ಕಳಲ್ಲಿ ಅರ್ಧ ಜನ ವಾಪಸ್ಸು ಇಲ್ಲೇ ಬಂದರು, ಶಾಲೆ, ಬಸ್ಸು, ನೆಂಟರು ಎಲ್ಲ ಇಲ್ಲೇ ಅಂತ. ಸೋಗೆ ಹೋಗಿ ಶೀಟು, ಆರ್‌ಸಿಸಿ ಬಂದಿದೆ. ಗೋಡೆ ಗಟ್ಟಿಯಾಗಿದೆ, ಓಣಿ ಮಾತ್ರ ಅಷ್ಟೇ ಇದೆ. ಆಂಬುಲೆನ್ಸು ಬಂದರೆ ಆಲದಮರದ ಹತ್ತಿರ ನಿಲ್ಲುತ್ತೆ, ಅಲ್ಲಿಗೆ ರೋಗಿಯನ್ನ ಹೊತ್ತು ತರಬೇಕು.

ಹೋದ ಸಲ ಭಾಗ ಆದಾಗ ಬೇಲಿ ಪಕ್ಕದ ತುಂಡು ನನ್ನ ಪಾಲಿಗೆ ಬಂತು. ತಮ್ಮ ಹೇಳಿದ, ಲೇಔಟ್‌ನವರು ಒಳ್ಳೆ ರೇಟು ಕೊಡ್ತಾರೆ, ಸುಮ್ಮನೆ ಕೊಟ್ಟುಬಿಡು ಅಂತ. ಅದೇ ವಾರ ಕೇರಿಯ ಮೂವರು ಹುಡುಗರು ಬಂದಿದ್ದರು. ಅವರ ತಾತಂದಿರ ಹಾಗೆ ಜಗಲಿ ಕೆಳಗೆ ನಿಲ್ಲಲಿಲ್ಲ, ಒಳಗೆ ಬಂದು ಕುರ್ಚಿ ಮೇಲೆ ಕೂತರು. 'ಸರ್, ಆ ಹತ್ತು ಗುಂಟೆ ನಮಗೆ ಕೊಡೋದಾದ್ರೆ ನಾವೆಲ್ಲ ಸೇರಿ ತಗೊತೀವಿ. ಮೊದಲು ದಾರಿ ಬಿಡ್ತೀವಿ, ಆಮೇಲೆ ಮನೆ' ಅಂದರು. ಅದೇ ಹತ್ತು ಗುಂಟೆ. ಅರವತ್ತು ವರ್ಷ ಆ ಅಳತೆಯನ್ನ ಅವರ ಮನೆಗಳಲ್ಲಿ ನೆನಪಿಟ್ಟುಕೊಂಡಿದ್ದರು. ನಮ್ಮ ಮನೆಯಲ್ಲಿ ಮರೆತಿದ್ದರು.

ಒಪ್ಪಿದೀನಿ. ಲೇಔಟ್ ರೇಟಿಗಲ್ಲ, ತೋಟದ ರೇಟಿಗೆ. ದಾನ ಅಂತ ಹೇಳಿಕೊಳ್ಳೋ ಧೈರ್ಯ ನನಗಿಲ್ಲ, ದುಡ್ಡು ತಗೊಂಡಿದೀನಿ. ತಮ್ಮ ಮಾತು ಬಿಟ್ಟಿದಾನೆ. ಭೂ ಪರಿವರ್ತನೆಯ ಕಾಗದ ಇನ್ನೂ ಮೇಜಿನಿಂದ ಮೇಜಿಗೆ ಓಡಾಡ್ತಿದೆ, ಎಂದಿಗೆ ಮುಗಿಯುತ್ತೋ ಗೊತ್ತಿಲ್ಲ. ಅಷ್ಟರವರೆಗೂ ಕಾಯೋದು ಬೇಡ ಅಂತ ಬೇಲಿಯನ್ನ ಹನ್ನೆರಡು ಅಡಿ ಹಿಂದಕ್ಕೆ ಹಾಕಿಸಿದೆ, ದಾರಿಗೆ. ಅದಕ್ಕೆ ಎರಡು ಮರ ಹೋದವು.

ಮರ ಕಡಿಯೋ ದಿನ ಅಮ್ಮ ಕುರ್ಚಿ ಹಾಕಿಸಿಕೊಂಡು ಅಲ್ಲೇ ಕೂತಿದ್ದಳು. ಎರಡನೇ ಮರ ಬಿದ್ದಾಗ ಎದ್ದು ಹೋಗಿ ಬುಡ ಮುಟ್ಟಿ ಬಂದಳು. 'ಇದರ ಕಾಯಿ ಸಣ್ಣವು, ಯಾವತ್ತೂ ಚೆನ್ನಾಗಿ ಬಿಡಲಿಲ್ಲ' ಅಂದಳು.